ಗಿಟಾರಿನ ಪೆಟ್ಟಿಗೆಯೂ ಅದರ ಪ್ರತಿರೂಪವೂ

೨೦೧೩ನೆಯ ಇಸವಿ ಡಿಸೆಂಬರ್ ೮ರಂದು ಅಂಟಾರ್ಕ್ಟಿಕದ ಹಿಮದ ನಡುವೆ ಒಂದು ಸಂಗೀತ ಕಚೇರಿ ನಡೆಯಿತು. ನುಡಿಸಿದವರು ಅಮೆರಿಕದ ಮೆಟಾಲಿಕಾ ಎಂಬ ರಾಕ್ ತಂಡದವರು. ಕಿವಿ ಗಡಚಿಕ್ಕುವಂತೆ ಬಾರಿಸುವುದರಲ್ಲಿ ಹೆಸರಾದವರು. ಸ್ಥಳ ಅರ್ಜೆಂಟೀನದವರ ಕಾರ್ಲೀನಿ ಎಂಬ ಸಂಶೋಧನ ನೆಲೆ. ಅಲ್ಲಿ ಒಂದು ಪಾರದರ್ಶಕವಾದ ಗುಮ್ಮಟವನ್ನು ನಿಲ್ಲಿಸಿ, ಅದರೊಳಗೆ ನೂರಕ್ಕೆ ತುಸು ಮೇಲ್ಪಟ್ಟ ಜನ ಸೇರಿದ್ದರು. ಆ ನೆಲದ ಶಾಂತಿಯನ್ನು ಕೆಡಿಸಬಾರದೆಂದು ಅಲ್ಲಿ ಒಂದು ಸ್ಪೀಕರನ್ನೂ ಇಡಲಿಲ್ಲ. ಕೇಳುವವರೆಲ್ಲರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದರು. ಡೋಲಿನ ಪೆಟ್ಟು, ಹಾಡುಗಾರನ ಕಂಠ ಇಷ್ಟನ್ನು ಬಿಟ್ಟರೆ ಗುಮ್ಮಟದ ಗಾಳಿಯಲ್ಲಿ ಗಿಟಾರಿನ ಅಬ್ಬರವೆಂಬುದೇ ಇರಲಿಲ್ಲ.

ಇದೇ ತಂಡದವರು ಅದಕ್ಕೆ ಎರಡು ವರ್ಷ ಹಿಂದೆ, ೨೦೧೧ರ ಅಕ್ಟೋಬರ್ ೩೦ರಂದು, ನಮ್ಮ ಬೆಂಗಳೂರಿನ ಅರಮನೆಯ ಮೈದಾನದಲ್ಲಿ ನುಡಿಸಿ ಹೋಗಿದ್ದರೆಂಬುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ನಿಮಗಿಲ್ಲದಿದ್ದರೆ ನಿಮ್ಮ ಮಕ್ಕಳಿಗೆ ಇದ್ದೇ ಇರುತ್ತದೆ. ಆ ದಿನಗಳಲ್ಲಿ ಅವರು ಮುಖ್ಯವಾಗಿ ನಂಬಿದ್ದುದು ವಾಲ್ವಿನ ಆಂಪ್ಲಿಫೈಯರುಗಳನ್ನು. ಹಿಮದ ನಾಡಿಗೆ ಹೋದಾಗ ಅವುಗಳ ಬದಲು ಅವರು ಒಯ್ದದ್ದು ಫ್ರ್ಯಾಕ್ಟಲ್ ಆಡಿಯೊ ಎಂಬ ಸಂಸ್ಥೆಯ ಆಕ್ಸ್-ಎಫ್‌ಎಕ್ಸ್ ಎಂಬ ಗಣಕ ಪೆಟ್ಟಿಗೆಯನ್ನು. ಅನಿವಾರ್ಯಕ್ಕೆಂದು ತೆಗೆದುಕೊಂಡದ್ದು ಆಮೇಲೆ ಅವರ ಪ್ರವಾಸದ ಕಾಯಂ ಸಂಗಾತಿಯಾಯಿತು. ಇಂಥ ಪೆಟ್ಟಿಗೆಗೆ ಬಲ್ಲವರ ಬಾಯಲ್ಲಿ 'ಮಾಡೆಲರ್' ಎಂದು ಹೆಸರು. ಪ್ರತಿರೂಪಕ, ಅನುಕಾರಿ ಎಂದೆಲ್ಲ ಕನ್ನಡದಲ್ಲಿ ಕರೆಯಬಹುದು. ಕರೆದರೆ ಅಂಗಡಿಯವನಿಗೆ ಅರ್ಥವಾಗುವುದಿಲ್ಲ. ಆದ್ದರಿಂದ ಮಾಡೆಲರ್ ಎಂದೇ ಇರಲಿ.

ಈ ಮಾರ್ಪಾಟಿನಲ್ಲಿ ಏನು ಉಳಿಯಿತು, ಏನು ಹೋಯಿತು ಎಂಬುದು ಇಂದು ಗಿಟಾರ್ ಹಿಡಿದ ಪ್ರತಿಯೊಬ್ಬ ಯುವಕನನ್ನೂ ಕಾಡುವ ಪ್ರಶ್ನೆ. ರೇಡಿಯೋ ಕೇಳುವವರಾದ ನಮಗೂ ಅದರಲ್ಲಿ ಒಂದು ಪಾಲುಂಟು. ಹೇಗೆಂಬುದನ್ನು ಮುಂದೆ ನೋಡೋಣ.

ಮೊದಲು ಆಂಪ್ಲಿಫೈಯರ್ ಎಂದರೇನೆಂದು ತಿಳಿಯಬೇಕು. ವಿದ್ಯುತ್ ಗಿಟಾರಿಗೆ ವೀಣೆಯ ಹಾಗೆ ಕೊಡವಿಲ್ಲ. ಅದು ಹೆಚ್ಚಾಗಿ ಗಟ್ಟಿ ಮರದ ಹಲಗೆ. ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಸಣ್ಣ ತಾಮ್ರದ ಸುರುಳಿ. ಉಕ್ಕಿನ ತಂತಿ ಮಿಡಿದಾಗ ಸುರುಳಿಯಲ್ಲಿ ಒಂದು ವೋಲ್ಟಿಗಿಂತಲೂ ಕಡಿಮೆ ಎನ್ನಬಹುದಾದ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಬೆಳೆಸಿ ಸ್ಪೀಕರನ್ನು ಅಲುಗಿಸುವಷ್ಟು ಬಲ ಕೊಡುವುದು ಆಂಪ್ಲಿಫೈಯರಿನ ಕೆಲಸ. ಈ ಕೆಲಸವನ್ನು ಬಹುಕಾಲ ಮಾಡಿದ್ದು ವಾಲ್ವ್. ನಮ್ಮ ಹಿರಿಯರ ಮನೆಯ ರೇಡಿಯೋ ಹಾಕಿದ ಒಡನೆ ಮಾತಾಡುತ್ತಿರಲಿಲ್ಲವಷ್ಟೆ? ಒಳಗೆ ಕೆಂಪಗೆ ಕಾದು, ಅರ್ಧ ನಿಮಿಷ ಯೋಚಿಸಿ, ಆಮೇಲೆ ಬಾಯಿ ಬಿಡುತ್ತಿತ್ತು. ಕಾಯಬೇಕಾದದ್ದು ಈ ವಾಲ್ವೇ. ಗಾಳಿ ತೆಗೆದ ಗಾಜಿನ ಬುರುಡೆಯಲ್ಲಿ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಟು, ನೂರಾರು ವೋಲ್ಟ್ ಇರುವ ಎದುರಿನ ತಗಡಿಗೆ ಧಾವಿಸುತ್ತವೆ; ನಡುವೆ ಇರುವ ಬಲೆಗೆ ಗಿಟಾರಿನ ಅಲ್ಪ ವಿದ್ಯುತ್ತನ್ನು ಕೊಟ್ಟರೆ, ತೂಬಿನ ಬಾಗಿಲನ್ನು ತುಸುವೇ ಎತ್ತಿ ಇಳಿಸಿದಾಗ ಕೆರೆಯ ನೀರು ಹೆಚ್ಚು ಕಡಿಮೆಯಾಗುವಂತೆ, ದೊಡ್ಡ ಪ್ರವಾಹವು ಸಣ್ಣದರ ಅಪ್ಪಣೆಯಂತೆ ನಡೆಯುತ್ತದೆ. ೧೯೦೪ರಲ್ಲಿ ಫ್ಲೆಮಿಂಗರು ಬಲೆಯಿಲ್ಲದ ವಾಲ್ವನ್ನು ಮಾಡಿದರು. ೧೯೦೬ರಲ್ಲಿ ಲೀ ಡಿ ಫಾರೆಸ್ಟರು ಮೂರನೆಯ ಅಂಗವನ್ನು ಸೇರಿಸಿದರು. ರೇಡಿಯೋ ಬೆಳೆದದ್ದು ಅದರಿಂದ. ಗಿಟಾರಿನ ಪೆಟ್ಟಿಗೆಯೂ ಅದೇ ಮನೆತನದ್ದು. ಕ್ಯಾಲಿಫೋರ್ನಿಯದ ಫುಲ್ಲರ್ಟನ್ ಊರಿನ ಲಿಯೊ ಫೆಂಡರರು ರೇಡಿಯೋ ರಿಪೇರಿಯ ಅಂಗಡಿಯಿಂದಲೇ ಈ ವೃತ್ತಿಗೆ ಬಂದವರು. ಆ ಕಾಲದ ಅನೇಕ ರೇಡಿಯೋಗಳ ಸ್ಪೀಕರನ್ನು ನಡೆಸುತ್ತಿದ್ದ ಇಎಲ್೮೪ ಎಂಬ ವಾಲ್ವನ್ನೇ ನಾಲ್ಕು ಜೋಡಿಸಿ ಇಂಗ್ಲೆಂಡಿನ ವಾಕ್ಸ್ ಕಂಪೆನಿಯವರು ಎಸಿ೩೦ ಎಂಬ ಪ್ರಸಿದ್ಧ ಆಂಪನ್ನು ಮಾಡಿದರು.

ರೇಡಿಯೋದ ಆಂಪ್ಲಿಫೈಯರಿಗೂ ಗಿಟಾರಿನದಕ್ಕೂ ಒಂದು ದೊಡ್ಡ ಭೇದವುಂಟು. ರೇಡಿಯೋದಿಂದ ನಾವು ಬಯಸುವುದು ನಿಷ್ಠೆ. ಕೊಟ್ಟದ್ದನ್ನು ಕೊಟ್ಟಂತೆ ಒಪ್ಪಿಸಿದರೆ ಅದು ಒಳ್ಳೆಯ ಯಂತ್ರ. ಗಿಟಾರಿನ ಆಂಪನ್ನು ಮೆಚ್ಚುವುದು ಅದು ಕೊಟ್ಟದ್ದನ್ನು ಕೆಡಿಸುವ ರೀತಿಗಾಗಿ. ತಾಳಲಾರದಷ್ಟು ವಿದ್ಯುತ್ತನ್ನು ಅದಕ್ಕೆ ಉಣಿಸಿದರೆ ಸ್ವರದ ಅಲೆಯ ನೆತ್ತಿ ಮೊಂಡಾಗುತ್ತದೆ. ನೆತ್ತಿ ಮೊಂಡಾದ ಅಲೆಯಲ್ಲಿ ಮೂಲ ಸ್ವರದ ಎರಡರಷ್ಟು, ಮೂರರಷ್ಟು, ಐದರಷ್ಟು ಕಂಪನಗಳ ಉಪಸ್ವರಗಳು ಹುಟ್ಟಿಕೊಳ್ಳುತ್ತವೆ. ನಾದ ದಪ್ಪವಾಗುತ್ತದೆ, ಒರಟಾಗುತ್ತದೆ, ಬಹಳ ಹೊತ್ತು ನಿಲ್ಲುತ್ತದೆ. ವಾಲ್ವು ಈ ನೆತ್ತಿಯನ್ನು ಉಜ್ಜಿ ಸವೆಸುತ್ತದೆ. ೧೯೪೭ರ ತರುವಾಯ ಬಂದ ಟ್ರಾನ್ಸಿಸ್ಟರು ಮಚ್ಚಿನಿಂದ ಹೊಡೆದಂತೆ ಕತ್ತರಿಸುತ್ತದೆ. ರೇಡಿಯೋಗಳು ಸಂತೋಷದಿಂದ ಟ್ರಾನ್ಸಿಸ್ಟರಿಗೆ ಹೋದರೂ ಗಿಟಾರಿನವರು ವಾಲ್ವನ್ನು ಬಿಡದೆ ಹಿಡಿದುಕೊಂಡದ್ದು ಇದಕ್ಕೇ.

ಇಂಗ್ಲಿಷಿನಲ್ಲಿ ಇದಕ್ಕೆ ಡಿಸ್ಟಾರ್ಷನ್ ಎನ್ನುತ್ತಾರೆ. ವಿಕೃತಿ ಎಂದರೆ ಸರಿಹೋದೀತು. ಆ ಶಬ್ದವನ್ನು ಕೇಳಿ ಮೂಗು ಮುರಿಯಬೇಕಾಗಿಲ್ಲ. ನಮ್ಮ ಸಂಗೀತಶಾಸ್ತ್ರದಲ್ಲಿ ಷಡ್ಜ ಪಂಚಮಗಳನ್ನುಳಿದ ಸ್ವರಗಳೆಲ್ಲ ವಿಕೃತ ಸ್ವರಗಳೇ. ಅವಿಲ್ಲದೆ ರಾಗವೇ ಇಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯಡಿಗೆ ಜೀವಾಳಿಯ ನೂಲನ್ನು ತೂರಿಸುವುದನ್ನು ನೀವು ನೋಡಿದ್ದೀರಿ. ತಂತಿ ನೆಟ್ಟಗೆ ಮಿಡಿಯದೆ ಕುದುರೆಯನ್ನು ಸವರುತ್ತ ಮಿಡಿಯಲಿ ಎಂದೇ ಆ ಉಪಾಯ. ಆಗಲ್ಲವೆ ಝೇಂಕಾರವೆದ್ದು, ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಸುವುದು? ಪಶ್ಚಿಮದ ಹುಡುಗರು ಇದನ್ನು ಇನ್ನೂ ಒರಟಾಗಿ ಸಾಧಿಸಿದರು. ಕಿಂಕ್ಸ್ ತಂಡದ ಡೇವ್ ಡೇವಿಸ್ ಎಂಬ ತರುಣ ೧೯೬೪ರ ಒಂದು ಹಾಡಿಗಾಗಿ ತನ್ನ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿಬಿಟ್ಟ. ಆ ಹಾಡು ಗೆದ್ದಿತು. ಎಂದರೆ ಆಂಪ್ಲಿಫೈಯರು ಗಿಟಾರಿನ ಸೇವಕನಲ್ಲ, ವಾದ್ಯದ ಅರ್ಧ ಭಾಗ. ವೀಣೆಗೆ ಕೊಡವಿದ್ದಂತೆ ಗಿಟಾರಿಗೆ ಅದು. ಅದನ್ನು ಬದಲಾಯಿಸುವುದೆಂದರೆ ಅರ್ಧ ವಾದ್ಯವನ್ನೇ ಬದಲಾಯಿಸಿದಂತೆ.

ಹಾಗಾದರೆ ಬದಲಾಯಿಸುವುದೇಕೆ? ನನ್ನ ಹಳೆಯ ಶಿಷ್ಯನೊಬ್ಬನುಂಟು. ಮದುವೆಯ ಆರತಕ್ಷತೆ, ಗಣಪತಿ ಪೆಂಡಾಲು, ಕಾಲೇಜಿನ ಸಮಾರಂಭಗಳಲ್ಲಿ ಗಿಟಾರ್ ನುಡಿಸಿ ಬದುಕುವವನು. ಅವನಲ್ಲಿ ಫೆಂಡರರ ಟ್ವಿನ್ ರಿವರ್ಬ್ ಎಂಬ ವಾಲ್ವಿನ ಪೆಟ್ಟಿಗೆಯಿತ್ತು. ಅದರ ತೂಕ ೨೯ ಕಿಲೋ. "ಮೇಷ್ಟ್ರೆ, ಬಸ್ಸಿನ ಮೇಲೆ ಹಾಕಿದರೆ ವಾಲ್ವ್ ಉಳಿಯೋದಿಲ್ಲ, ತೊಡೆ ಮೇಲೆ ಇಟ್ಟುಕೊಂಡರೆ ನಾನು ಉಳಿಯೋದಿಲ್ಲ" ಎನ್ನುತ್ತಿದ್ದ. ತೂಕಕ್ಕಿಂತ ದೊಡ್ಡ ತೊಂದರೆ ಮತ್ತೊಂದು. ವಾಲ್ವಿನ ವಿಕೃತಿ ಬರಬೇಕಾದರೆ ಅದನ್ನು ದಣಿಸಬೇಕು. ದಣಿಸಬೇಕಾದರೆ ಗಟ್ಟಿಯಾಗಿ ಹಾಕಬೇಕು. ಅವನಿರುವುದು ವಠಾರದಲ್ಲಿ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳು, ಎದುರಿನಲ್ಲಿ ಹಾಸಿಗೆ ಹಿಡಿದ ಮುದುಕರು. ಒಳ್ಳೆಯ ನಾದ ಬೇಕಾದರೆ ಅಕ್ಕಪಕ್ಕದವರ ಶಾಪ. ಅವರ ನೆಮ್ಮದಿ ಬೇಕಾದರೆ ನಾದವೇ ಇಲ್ಲ. ಇನ್ನು ಕಿವಿಯ ಗತಿ. ೮೫ ಡೆಸಿಬೆಲಿನ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದೆಂದೂ, ಅಲ್ಲಿಂದ ಮೂರು ಮೂರು ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧರ್ಧ ಇಳಿಯುತ್ತದೆಂದೂ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯವರ ಸಲಹೆ. ಲೆಕ್ಕ ಹಾಕಿ ನೋಡಿ: ನೂರು ಡೆಸಿಬೆಲಿಗೆ ಬರುವ ಹೊತ್ತಿಗೆ ಹದಿನೈದೇ ನಿಮಿಷ. ರಾಕ್ ವೇದಿಕೆಯಲ್ಲಿ ನೂರನ್ನು ದಾಟುವುದು ಮಾಮೂಲು. ಕಿವಿಯೇ ಬಂಡವಾಳವಾದವನಿಗೆ ಇದು ಹುಡುಗಾಟದ ಮಾತಲ್ಲ.

ವಾಲ್ವುಗಳು ಸಿಗುವುದೂ ಮೊದಲಿನಷ್ಟು ಸಲೀಸಲ್ಲ. ರಷ್ಯದ ಸರಾತೊವ್, ಸ್ಲೊವಾಕಿಯದ ಚಾದ್ಸ, ಚೀನ, ಹೀಗೆ ಬೆರಳೆಣಿಕೆಯ ಕಡೆಗಳನ್ನೇ ಜಗತ್ತು ನೆಚ್ಚಿಕೊಂಡಿದೆ. ೨೦೨೨ರ ಮಾರ್ಚಿಯಲ್ಲಿ ರಷ್ಯದಿಂದ ರಫ್ತು ನಿಂತಿತೆಂಬ ಸುದ್ದಿ ಬಂದಾಗ ಗಿಟಾರಿನ ಲೋಕವೆಲ್ಲ ಕಂಗಾಲಾಯಿತು.

ಈಗ ಮಾಡೆಲರಿನ ಒಳಗೆ ಇಣುಕೋಣ. ಅದರಲ್ಲಿ ಕಾಯುವ ವಾಲ್ವಿಲ್ಲ. ಗಿಟಾರಿನಿಂದ ಬಂದ ವಿದ್ಯುತ್ತನ್ನು ಸೆಕೆಂಡಿಗೆ ೪೮,೦೦೦ ಸಲವೋ ಅದಕ್ಕೂ ಹೆಚ್ಚು ಸಲವೋ ಅಳೆದು, ಪ್ರತಿಯೊಂದು ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದುಕೊಳ್ಳುತ್ತದೆ. ಅಳತೆಗೋಲಿನಲ್ಲಿರುವ ಗೆರೆಗಳು ಸಾಮಾನ್ಯವಾಗಿ ಒಂದು ಕೋಟಿ ಅರುವತ್ತೇಳು ಲಕ್ಷ. ಆಮೇಲೆ ನಡೆಯುವುದೆಲ್ಲ ಲೆಕ್ಕ. ಇಷ್ಟು ವಿದ್ಯುತ್ತು ಬಂದರೆ ಆ ವಾಲ್ವು ಎಷ್ಟು ಕೊಡುತ್ತಿತ್ತು, ಅದರ ಪಕ್ಕದ ಕಂಡೆನ್ಸರು ಎಷ್ಟು ನುಂಗುತ್ತಿತ್ತು ಎಂಬುದನ್ನು ಗುಣಿಸಿ ಕೂಡಿಸಿ, ಉತ್ತರವನ್ನು ಮತ್ತೆ ವಿದ್ಯುತ್ತಾಗಿ ಮಾಡಿ ಹೊರಗೆ ಕಳಿಸುತ್ತದೆ. ಇದಕ್ಕೆ ತಗಲುವ ಕಾಲ ಸೆಕೆಂಡಿನ ಸಾವಿರದ ಕೆಲವು ಭಾಗ. ತಡವಾಯಿತೆ? ಸದ್ದು ಗಾಳಿಯಲ್ಲಿ ಒಂದು ಮೀಟರ್ ನಡೆಯಲು ಸುಮಾರು ಮೂರು ಸಾವಿರಾಂಶ ಸೆಕೆಂಡು ಬೇಕು. ಎಂದರೆ ಮಾಡೆಲರಿನ ವಿಳಂಬ ಸ್ಪೀಕರನ್ನು ಒಂದೆರಡು ಹೆಜ್ಜೆ ದೂರ ಸರಿಸಿ ಇಟ್ಟದ್ದಕ್ಕೆ ಸಮ.

ಲೆಕ್ಕಕ್ಕೆ ಒಂದು ತೊಡಕುಂಟು. ಸಿನಿಮಾದಲ್ಲಿ ಮುಂದೆ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುತ್ತದಲ್ಲವೆ? ಚಕ್ರದ ವೇಗಕ್ಕೆ ಚಿತ್ರಗಳ ಸಂಖ್ಯೆ ಸಾಲದೆ ಹಾಗಾಗುವುದು. ಇಲ್ಲಿಯೂ ಹಾಗೆಯೇ. ವಿಕೃತಿಯಿಂದ ಹುಟ್ಟಿದ ಉಪಸ್ವರವು ೩೦,೦೦೦ ಕಂಪನಗಳದಾಗಿದ್ದು, ಅಳೆಯುವುದು ೪೮,೦೦೦ ಸಲವಾದರೆ, ಆ ಸ್ವರ ಕಿವಿಗೆ ನಿಲುಕದ ಎತ್ತರದಲ್ಲಿ ಮರೆಯಾಗುವ ಬದಲು ೧೮,೦೦೦ ಕಂಪನಗಳ ಸುಳ್ಳು ವೇಷದಲ್ಲಿ ಕೆಳಗಿಳಿದು ಬರುತ್ತದೆ. ಮೂಲ ಸ್ವರದೊಡನೆ ಅದಕ್ಕೆ ಸಂಬಂಧವಿಲ್ಲ. ಅದು ಶುದ್ಧ ಅಪಸ್ವರ. ಹಿಂದಿನ ಮಾಡೆಲರುಗಳ ನಾದಕ್ಕೆ ಗಾಜು ಗೀಚಿದಂಥ ಕರ್ಕಶತೆಯಿದ್ದದ್ದು ಬಹುಮಟ್ಟಿಗೆ ಇದರಿಂದ. ಈಗ ವಿಕೃತಿಯ ಲೆಕ್ಕವನ್ನು ಹಲವು ಪಟ್ಟು ಹೆಚ್ಚು ಅಳತೆಗಳಲ್ಲಿ ಮಾಡಿ, ಸುಳ್ಳು ಸ್ವರ ಬಾರದಂತೆ ಸೋಸುತ್ತಾರೆ. ಅದಕ್ಕೆ ಬೇಕಾದ ಗಣಕಶಕ್ತಿ ಅಗ್ಗವಾಗಲು ಕಾಲ ಹಿಡಿಯಿತು. ಜಪಾನಿನ ರೋಲೆಂಡ್‌ನವರ ವಿಜಿ-೮ ಬಂದದ್ದು ೧೯೯೫ರಲ್ಲಿ. ಅಮೆರಿಕದ ಲೈನ್ ೬ರವರ ಹುರುಳಿಕಾಳಿನಾಕಾರದ ಕೆಂಪು ಪೆಟ್ಟಿಗೆ ೧೯೯೮ರಲ್ಲಿ. ವೃತ್ತಿಗಾರರು ನಂಬಿ ಕೈಹಿಡಿದದ್ದು ೨೦೦೬ರ ಆಕ್ಸ್-ಎಫ್‌ಎಕ್ಸ್, ೨೦೧೧ರ ಜರ್ಮನಿಯ ಕೆಂಪರ್ ಬಂದ ಮೇಲೆ.

ಹಳೆಯ ಆಂಪಿನ ಗುಣವನ್ನು ಲೆಕ್ಕಕ್ಕೆ ಇಳಿಸಲು ಎರಡು ಮಾರ್ಗಗಳಿವೆ. ಭಾಷೆ ಕಲಿಯುವುದಕ್ಕೂ ಎರಡು ಮಾರ್ಗಗಳುಂಟಷ್ಟೆ. ಒಂದು, ಕೇಶಿರಾಜನಂತೆ ಧಾತು, ಪ್ರತ್ಯಯ, ಸಂಧಿಗಳನ್ನು ಬಿಡಿಸಿ ಸೂತ್ರ ಕಟ್ಟಿ, ಆ ಸೂತ್ರಗಳಿಂದ ಮಾತನ್ನು ಸಾಧಿಸುವುದು. ಫ್ರ್ಯಾಕ್ಟಲಿನವರದು ಈ ಮಾರ್ಗ: ಆಂಪಿನ ಒಂದೊಂದು ವಾಲ್ವಿಗೂ ಕಂಡೆನ್ಸರಿಗೂ ಸಮೀಕರಣ ಬರೆಯುತ್ತಾರೆ. ಇನ್ನೊಂದು, ಕೂಸು ತಾಯಿಯ ಮಾತನ್ನು ಕೇಳಿ ಕೇಳಿ ಕಲಿಯುವ ಮಾರ್ಗ; ಅದಕ್ಕೆ ವ್ಯಾಕರಣ ಬೇಡ. ಕೆಂಪರಿನ ಪೆಟ್ಟಿಗೆ ನಿಜವಾದ ಆಂಪಿಗೆ ಬಗೆಬಗೆಯ ಸದ್ದುಗಳನ್ನು ಕೊಟ್ಟು, ಎದುರಿಗಿಟ್ಟ ಮೈಕಿನಿಂದ ಅದರ ಉತ್ತರವನ್ನು ಕೇಳಿ ಅದರಂತೆ ತಾನೂ ಆಡುವುದನ್ನು ಕಲಿಯುತ್ತದೆ. ಫಿನ್ಲೆಂಡಿನ ನ್ಯೂರಲ್ ಡಿಎಸ್‌ಪಿ ಮುಂತಾದವರು ಇದೇ ಕಲಿಕೆಗೆ ಕೃತಕ ನರಜಾಲವನ್ನು ಹೂಡಿದ್ದಾರೆ. ವೈಯಾಕರಣನ ದಾರಿಯಲ್ಲಿ ಗುಬುಟು ತಿರುಗಿಸಿದಂತೆಲ್ಲ ಆಂಪು ನಿಜದಂತೆಯೇ ಬದಲಾಗುತ್ತದೆ. ಕೂಸಿನ ದಾರಿಯಲ್ಲಿ ಕೇಳಿದ ಆ ಒಂದು ಸ್ಥಿತಿ ಅಚ್ಚುಕಟ್ಟಾಗಿ ಬರುತ್ತದೆ. ಕೇಳದ ಸ್ಥಿತಿಯನ್ನು ಊಹಿಸಬೇಕಾಗುತ್ತದೆ. ವೃತ್ತಿಯಿಂದ ನಾನು ವ್ಯಾಕರಣದ ಕಡೆಯವನು. ಆದರೂ ಕೂಸೇ ಚೆನ್ನಾಗಿ ಮಾತಾಡುತ್ತದೆಂಬುದನ್ನು ತರಗತಿಯಲ್ಲಿ ದಿನವೂ ಕಾಣುತ್ತೇನೆ.

ಸ್ಪೀಕರಿನ ಪೆಟ್ಟಿಗೆಯನ್ನು ಅನುಕರಿಸುವ ಬಗೆ ಇನ್ನೂ ಸ್ವಾರಸ್ಯವಾದದ್ದು. ವಿಜಾಪುರದ ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ಮರಳಿ ಬರುತ್ತದೆ. ಆ ಒಂದು ಚಪ್ಪಾಳೆಯ ಉತ್ತರದಲ್ಲಿ ಆ ಕಟ್ಟಡದ ನಾದಗುಣವೆಲ್ಲ ಅಡಗಿದೆ. ಅದನ್ನು ಮುದ್ರಿಸಿಕೊಂಡರೆ, ಎಲ್ಲಿಯೋ ಹಾಡಿದ ಹಾಡನ್ನು ಗುಮ್ಮಟದೊಳಗೆ ಹಾಡಿದಂತೆ ಗಣಿತದಿಂದಲೇ ಮಾಡಬಹುದು. ಸ್ಪೀಕರಿಗೂ ಹೀಗೆಯೇ ಒಂದು 'ಚಪ್ಪಾಳೆ' ಕೊಟ್ಟು, ಮುಂದಿಟ್ಟ ಮೈಕಿನಲ್ಲಿ ಅದರ ಉತ್ತರವನ್ನು ಹಿಡಿಯುತ್ತಾರೆ. ಗಿಟಾರಿನ ಸ್ಪೀಕರ್ ಎತ್ತರದ ಕಂಪನಗಳನ್ನು, ಸುಮಾರು ಐದು ಸಾವಿರದಿಂದ ಆಚೆಗೆ, ಥಟ್ಟನೆ ತಗ್ಗಿಸಿಬಿಡುತ್ತದೆ. ವಿಕೃತಿಯ ಮುಳ್ಳನ್ನು ಮುರಿಯುವುದು ಅದೇ. ಈ ಮುದ್ರೆಯಿಲ್ಲದೆ ಮಾಡೆಲರನ್ನು ಕೇಳಿದರೆ ತಗಡಿನ ಡಬ್ಬಿಯೊಳಗೆ ಜೇನ್ನೊಣ ಬಿಟ್ಟಂತಿರುತ್ತದೆ.

'ಮುಂದಿಟ್ಟ ಮೈಕು' ಎಂಬ ಮಾತನ್ನು ಗಮನಿಸಿರಿ. ಇಡೀ ವಿವಾದದ ಬೀಗದ ಕೈ ಅಲ್ಲಿದೆ. ನನ್ನ ಶಿಷ್ಯ ಎರಡೂ ಯಂತ್ರಗಳನ್ನು ಎದುರಿಗಿಟ್ಟು ಒಂದೇ ಸಂಗತಿಯನ್ನು ನುಡಿಸಿ ತೋರಿಸಿದ. ವಾಲ್ವಿನ ಪೆಟ್ಟಿಗೆಯ ನಾದ ನೆಲವನ್ನು ಹತ್ತಿ ಕಾಲಿಗೆ ತಾಗಿತು. ಕೋಣೆಯ ಮೂಲೆ ಮೂಲೆಯಿಂದ ಬಂದಿತು. ಮಾಡೆಲರು ಸಣ್ಣ ಸ್ಪೀಕರಿನಲ್ಲಿ ನುಡಿದಾಗ ಎಲ್ಲವೂ ಸ್ಪಷ್ಟವಾಗಿತ್ತು, ಆದರೆ ದೂರದಲ್ಲೆಲ್ಲೋ ನಡೆದ ಕಚೇರಿಯನ್ನು ಇಲ್ಲಿ ಕುಳಿತು ಕೇಳಿದಂತಿತ್ತು. ಅವನಿಗೆ ನಿರಾಶೆ. ಆಮೇಲೆ ಎರಡನ್ನೂ ಮುದ್ರಿಸಿ, ಯಾವುದು ಯಾವುದೆಂದು ಹೇಳದೆ ಕೇಳಿಸಿದ. ನನಗೆ ತಿಳಿಯಲಿಲ್ಲ. ನುಡಿಸಿದ ಅವನಿಗೂ ತಿಳಿಯಲಿಲ್ಲ!

ಕಾರಣ ಇಷ್ಟೆ. ಸ್ಪೀಕರಿನ ಬಾಯಿಗೆ ಒಂದೆರಡು ಅಂಗುಲ ದೂರದಲ್ಲಿಟ್ಟ ಮೈಕು ಕೇಳುವ ನಾದವನ್ನು ಮಾಡೆಲರು ಅನುಕರಿಸುತ್ತದೆ. ನಾಲ್ಕು ಅಡಿ ದೂರದಲ್ಲಿ ನಿಂತ ಮನುಷ್ಯನ ಕಿವಿ ಕೇಳುವ ನಾದವನ್ನಲ್ಲ. ಅವು ಬೇರೆ ಬೇರೆ. ಆದರೆ ವಾಚಕರೆ, ನಾವು ನೀವು ಇದುವರೆಗೆ ಧ್ವನಿಮುದ್ರಿಕೆಯಲ್ಲಾಗಲಿ ರೇಡಿಯೋದಲ್ಲಾಗಲಿ ಕೇಳಿರುವ ಗಿಟಾರ್ ಹೆಚ್ಚುಕಡಿಮೆ ಎಲ್ಲವೂ ಮೈಕಿನ ಕಿವಿಯಿಂದ ಬಂದದ್ದೇ. ೧೯೬೫ರಲ್ಲಿ ಬಂದ ಶೂರ್ ಎಸ್‌ಎಮ್೫೭ ಎಂಬ ಕಡ್ಡಿಯಂಥ ಮೈಕು ಲೆಕ್ಕವಿಲ್ಲದಷ್ಟು ಗಿಟಾರ್ ಮುದ್ರಣಗಳಲ್ಲಿ ಸ್ಪೀಕರಿನ ಮುಂದೆ ನಿಂತಿದೆ. ಬೆಂಗಳೂರಿನ ಮೈದಾನದಲ್ಲಿ ಹಿಂದೆ ನಿಂತಿದ್ದ ಹುಡುಗನಿಗೂ ತಲುಪಿದ್ದು ಮೈಕು ಕೇಳಿದ ನಾದವೇ. ವೇದಿಕೆಯ ಮೇಲಿನ ಪೆಟ್ಟಿಗೆಯನ್ನು ನೇರವಾಗಿ ಕೇಳಿದವರು ವಾದಕರು ಮಾತ್ರ. ಆದ್ದರಿಂದ ಈ ಮಾರ್ಪಾಟಿನಲ್ಲಿ ಕೇಳುಗರು ಕಳೆದುಕೊಂಡದ್ದು ಅತ್ಯಲ್ಪ, ಕಳೆದುಕೊಂಡದ್ದೆಲ್ಲ ನುಡಿಸುವವನದು. ಬೆನ್ನಿಗೆ ತಾಗುವ ಗಾಳಿ ಕಡಿಮೆಯಾದರೆ ಕೈ ಬೇರೆ ರೀತಿ ನಡೆಯುತ್ತದೆ, ಕೈ ಬೇರೆಯಾದರೆ ಸಂಗೀತವೂ ಬೇರೆಯಾದೀತು ಎಂದು ಕೆಲವರು ಹೇಳುತ್ತಾರೆ. ತಂಬೂರಿಯನ್ನು ಹೆಗಲಿಗಾನಿಸಿ ಹಾಡಿದವರು ವಿದ್ಯುತ್ ಶ್ರುತಿಪೆಟ್ಟಿಗೆಯ ವಿಷಯದಲ್ಲಿ ಹೇಳುವ ಮಾತೂ ಇದೇ. ಅದು ಹುಸಿಯೆಂದು ನನಗೆ ತೋರುವುದಿಲ್ಲ.

ಗಿಟಾರನ್ನು ಆಂಪಿನೆದುರು ಹಿಡಿದಾಗ ಸ್ಪೀಕರಿನ ಗಾಳಿಯೇ ತಂತಿಯನ್ನು ಮತ್ತೆ ಮಿಡಿಸಿ, ಸ್ವರ ತಾನಾಗಿ ಬೆಳೆಯುತ್ತ ಹೋಗುವುದುಂಟು. ಜಿಮಿ ಹೆಂಡ್ರಿಕ್ಸ್ ೧೯೬೯ರ ವುಡ್‌ಸ್ಟಾಕ್ ಉತ್ಸವದಲ್ಲಿ ಇದನ್ನೇ ಒಂದು ವಿದ್ಯೆಯಾಗಿ ಮೆರೆಸಿದ. ಹೆಡ್‌ಫೋನಿನಲ್ಲಿ ಇದು ಆಗದು. ಗಾಳಿಯೇ ಅಲುಗದಿದ್ದರೆ ತಂತಿ ಅಲುಗುವುದೆಂತು?

ಇನ್ನು, ನಕಲಿಯೆಂದು ಮಾಡೆಲರನ್ನು ಹೀಗಳೆಯುವವರಿಗೆ ಒಂದು ಸಂಗತಿ. ಇಂಗ್ಲೆಂಡಿನ ಜಿಮ್ ಮಾರ್ಷಲರು ೧೯೬೨-೬೩ರಲ್ಲಿ ಮಾಡಿಸಿದ ಮೊದಲ ಆಂಪು ಫೆಂಡರರ ಬಾಸ್‌ಮನ್ ಆಂಪಿನ ನಕಲು. ಬಿಡಿಭಾಗಗಳೂ ಸ್ಪೀಕರೂ ಸ್ವಲ್ಪ ಬೇರೆಯಾದದ್ದರಿಂದ ನಾದ ಬೇರೆಯಾಯಿತು. ಆ ಬೇರೆತನವೇ ರಾಕ್ ಸಂಗೀತದ ಕಂಠವಾಯಿತು. ಈಗ ಫೆಂಡರ್ ಕಂಪೆನಿಯೇ ತನ್ನ ಟ್ವಿನ್ ರಿವರ್ಬನ್ನು ತಾನೇ ನಕಲು ಮಾಡಿ, ಟೋನ್ ಮಾಸ್ಟರ್ ಎಂಬ ಹೆಸರಿನಲ್ಲಿ ೨೦೧೯ರಿಂದ ಮಾರುತ್ತಿದೆ. ಹೊರಗೆ ನೋಡಿದರೆ ಅದೇ ಪೆಟ್ಟಿಗೆ. ಒಳಗೆ ವಾಲ್ವಿಲ್ಲ, ಲೆಕ್ಕ. ತೂಕ ೧೫ ಕಿಲೋ.

ನಿಮ್ಮ ಮನೆಯಲ್ಲಿ ಮಾಡೆಲರಿಗಾಗಿ ಹಟ ಹಿಡಿದ ಮಗನೋ ಮಗಳೋ ಇದ್ದರೆ, ಕೊಂಡ ಮೊದಲ ವಾರದಲ್ಲೇ "ಇದು ಚೆನ್ನಾಗಿಲ್ಲ" ಎಂಬ ಮಾತು ಬರಬಹುದು. ಗಾಬರಿ ಬೇಡ. ಮಾಡೆಲರನ್ನು ಗಿಟಾರಿನ ಸ್ಪೀಕರಿಗೇ ಜೋಡಿಸಿದ್ದರೆ ಒಳಗಿನ ಸ್ಪೀಕರಿನ ಮುದ್ರೆಯನ್ನು ಆರಿಸಬೇಕು, ಇಲ್ಲವಾದರೆ ಸ್ಪೀಕರಿನ ಮೇಲೊಂದು ಸ್ಪೀಕರಾಗಿ ನಾದ ಮಂಕಾಗುತ್ತದೆ; ಸಾಧಾರಣ ಸ್ಪೀಕರಿಗೋ ಹೆಡ್‌ಫೋನಿಗೋ ಜೋಡಿಸಿದ್ದರೆ ಆ ಮುದ್ರೆ ಇರಲೇಬೇಕು. ಮೆಲ್ಲಗೆ ಹಾಕಿಕೊಂಡು ಹದಗೊಳಿಸಿದ ನಾದ ವೇದಿಕೆಯಲ್ಲಿ ಗಟ್ಟಿಯಾದಾಗ ಕೆಡುವುದೂ ಸಹಜ. ಮೆಲ್ಲಗಿದ್ದಾಗ ನಮ್ಮ ಕಿವಿಗೆ ಮಂದ್ರ ಕಡಿಮೆ ಕೇಳಿಸುತ್ತದೆ (ಇದನ್ನು ೧೯೩೩ರಷ್ಟು ಹಿಂದೆಯೇ ಫ್ಲೆಚರ್, ಮನ್ಸನ್ ಎಂಬವರು ಅಳೆದು ತೋರಿಸಿದ್ದಾರೆ); ಕೇಳಿಸದೆಂದು ಮಂದ್ರವನ್ನು ಹೆಚ್ಚಿಸಿಟ್ಟರೆ ವೇದಿಕೆಯಲ್ಲಿ ಅದೇ ಗುಡುಗಾಗುತ್ತದೆ. ಎಷ್ಟು ಗಟ್ಟಿಯಾಗಿ ನುಡಿಸಬೇಕೋ ಅಷ್ಟು ಗಟ್ಟಿಯಲ್ಲೇ ಒಮ್ಮೆ ಹದ ನೋಡಬೇಕು. ನೂರಾರು ಆಂಪುಗಳು ಒಂದೇ ಪೆಟ್ಟಿಗೆಯಲ್ಲಿರುವಾಗ ಸಾಧನೆ ಬಿಟ್ಟು ಗುಬುಟು ತಿರುಗಿಸುತ್ತ ಕೂರುವ ಚಪಲವೂ ಹೆಚ್ಚು. ನನ್ನ ಶಿಷ್ಯ ಮೂರನ್ನು ಆರಿಸಿಕೊಂಡು ಉಳಿದದ್ದನ್ನು ಮುಟ್ಟುವುದಿಲ್ಲ. ಅವನ ವಠಾರದವರಿಗೆ ಅವನು ರಾತ್ರಿ ಹನ್ನೊಂದರವರೆಗೆ ಸಾಧನೆ ಮಾಡುವುದು ತಿಳಿದೇ ಇಲ್ಲ.

ಹಳೆಯ ವಾಲ್ವಿನ ಪೆಟ್ಟಿಗೆಯನ್ನು ಮಾರದೆ ಇಟ್ಟುಕೊಂಡವರು ಎರಡು ಮಾತನ್ನು ನೆನಪಿಡಬೇಕು. ಸ್ಪೀಕರ್ ಜೋಡಿಸದೆ ಅದನ್ನು ಚಾಲೂ ಮಾಡಬಾರದು. ಅದರ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಪ್ಲಗ್ಗನ್ನು ಕಿತ್ತಿದ್ದೇವೆಂಬ ಧೈರ್ಯದಿಂದ ಹಿಂಬದಿ ಬಿಚ್ಚಿ ಕೈಹಾಕಲೂ ಬಾರದು. ಒಳಗಿನ ಕಂಡೆನ್ಸರುಗಳಲ್ಲಿ ನೂರಾರು ವೋಲ್ಟ್ ಆಮೇಲೂ ಉಳಿದಿರಬಹುದು. ಅದನ್ನು ಇಳಿಸಲು ಬಲ್ಲ ರಿಪೇರಿಯವನನ್ನೇ ಕರೆಯಬೇಕು.